ಎರಡು ಕಡೆ ಚಿಲಕವಿದ್ದ ಬಾಗಿಲು

ಅಳತೆಯಲ್ಲಿ ತಾನು ತಪ್ಪಿದ್ದು ಒಂದೇ ಸಲ ಎಂದು ಹೇಳುವ ಸರ್ವೆಯರನ್ನು ನಂಬಬೇಡಿ. ನಾನು ತಪ್ಪಿದ್ದು ಎಷ್ಟೋ ಸಲ ಇರಬೇಕು. ಆದರೆ ತಪ್ಪಿದ್ದೇನೆ ಎಂದು ನನಗೇ ಗೊತ್ತಾಗಿ, ಸಹಿ ಹಾಕಿದ ಕಾಗದವನ್ನು ನಾನೇ ಹೋಗಿ ವಾಪಸು ಕೇಳಿದ್ದು ಒಂದೇ ಸಲ. ಅದು ಬಂಟ್ವಾಳದ ಹಳೆ ಪೇಟೆಯಲ್ಲಿ, ತೊಂಬತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಶುರುವಾಗಿ ಆ ಮಳೆಗಾಲದಲ್ಲಿ ಮುಗಿದ ಕೆಲಸ.

ನಾನು ಮೂಡಬಿದಿರೆಯವನು. ಖಾಸಗಿಯಾಗಿ ಅಳತೆಯ ಕೆಲಸ ಮಾಡಿಕೊಂಡಿದ್ದೆ. ಅಲ್ಲಿಯವರೆಗೆ ಹೆಚ್ಚಾಗಿ ಅಳೆದದ್ದು ಬೆಳ್ತಂಗಡಿ ಕಡೆಯ ಗುಡ್ಡೆಗಳನ್ನು. ಕೊಕ್ಕಡದಲ್ಲಿ ರಬ್ಬರ್ ಗುಡ್ಡೆ ಅಳೆಯುವಾಗ ಅರ್ಧ ಅಡಿ ಆಚೀಚೆಯಾದರೆ ಕೇಳುವವರಿಲ್ಲ. ಪೇಟೆಯಲ್ಲಿ ಹಾಗಲ್ಲ, ಒಂದೊಂದು ಇಂಚಿಗೂ ಮೂರು ತಲೆಮಾರಿನ ಮಾತು ಉಂಟು. ಅದು ಗೊತ್ತಿದ್ದೂ ಒಪ್ಪಿಕೊಂಡೆ. ಆ ವಯಸ್ಸಿನಲ್ಲಿ ನನ್ನ ಟೇಪಿನ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು.

ಮಾರಾಟಕ್ಕೆ ಇದ್ದದ್ದು ಒಂದು ಕೊಂಕಣಿ ವ್ಯಾಪಾರಿಯ ಮನೆ. ಬೀದಿಗೆ ಜಿನಸಿ ಅಂಗಡಿ, ಹಿಂದೆ ಉದ್ದಕ್ಕೆ ಮನೆ, ಮೇಲೆ ಮಹಡಿ. ಪೇಟೆಯವರೆಲ್ಲ ಆ ವ್ಯಾಪಾರಿಯನ್ನು ‘ಮಾಮ್’ ಎನ್ನುತ್ತಿದ್ದರಂತೆ. ಅವರೂ ಅವರ ಹೆಂಡತಿಯೂ ತೀರಿಕೊಂಡಿದ್ದರು. ಮಗ ದೂರದ ಊರಿನಲ್ಲಿ ಬ್ಯಾಂಕಿನ ಅಧಿಕಾರಿ. ಕೊಳ್ಳುವವರು ಹತ್ತು ಹನ್ನೆರಡು ವರ್ಷ ಗಲ್ಫಿನಲ್ಲಿ ದುಡಿದು ಬಂದ, ಅದೇ ಪೇಟೆಯ ಬ್ಯಾರಿ ಮುಸ್ಲಿಂ ಕುಟುಂಬದವರು. ಹಳೆಯದನ್ನು ಕೆಡವಿ ಮೂರು ಅಂತಸ್ತಿನ ಜವಳಿ ಅಂಗಡಿ ಕಟ್ಟುವುದು ಅವರ ಆಸೆ.

"ಎಲ್ಲರೂ ಬಿ.ಸಿ. ರೋಡಿಗೆ ಹೋದ್ರು ಸಾರ್. ಬಸ್ಸು ಅಲ್ಲಿ, ವ್ಯಾಪಾರ ಅಲ್ಲಿ. ನನ್ನ ಅಜ್ಜ ಈ ಬೀದಿಯಲ್ಲಿ ಒಣಮೀನು ಮಾರಿದ್ದು. ನಾನು ಇಲ್ಲೇ ಅಂಗಡಿ ಹಾಕ್ತೇನೆ," ಎಂದರು. ನನಗೆ ಮನುಷ್ಯ ಹಿಡಿಸಿದರು.

ಕೆಲಸ ಇಷ್ಟು: ಮಾರುವ ಮನೆಯ ನಾಲ್ಕೂ ಗಡಿ ಗುರುತಿಸಿ ಸ್ಕೆಚ್ ಕೊಡಬೇಕು. ಪೂರ್ವದ ಗಡಿಯೇ ತೊಡಕಿನದು. ಆ ಕಡೆಯ ಮನೆಗೂ ಈ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆ ಮಾಮ್‌ರ ಮನೆಯದ್ದಾದರೆ ಕೊಂಡವರು ಕೆಡವಬಹುದು. ಜಂಟಿಯಾದರೆ ಮುಟ್ಟುವಂತಿಲ್ಲ. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ಗಡಿಗಳ ವಿವರದಲ್ಲಿ, ‘ಪೂರ್ವಕ್ಕೆ ಓಡದ ಬ್ಯಾರಿಗಳ ಮನೆ’ ಎಂದಷ್ಟೇ ಇತ್ತು. ಗೋಡೆಯ ಮಾತೇ ಇಲ್ಲ. ಓಡವೆಂದರೆ ದೋಣಿ, ಒಂದು ಕಾಲದಲ್ಲಿ ಆ ಮನೆಯವರು ನೇತ್ರಾವತಿಯಲ್ಲಿ ಸರಕಿನ ದೋಣಿ ನಡೆಸಿದವರು. ಅವರ ಪತ್ರ ನೋಡುವ ಎಂದರೆ ಅದು ಹಿಂದಿನ ಯಾವುದೋ ನೆರೆಯಲ್ಲಿ ಹೋಗಿತ್ತು.

ಆ ಮನೆಯಲ್ಲಿ ಇದ್ದದ್ದು ಎಪ್ಪತ್ತು ದಾಟಿದ ಒಬ್ಬ ವಿಧವೆ. ಜಾತಿ ಭೇದವಿಲ್ಲದೆ ಪೇಟೆಗೆಲ್ಲ ಅವರು ‘ಉಮ್ಮ’. ಮೊಮ್ಮಗಳ ಜೊತೆ ಮಹಡಿಯಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದರು. ಅವರ ಮಾಡಿನ ಹಂಚು ಹೊತ್ತ ಮರದ ಪಕ್ಕಾಸುಗಳ ಒಂದು ತುದಿ ಕೂತಿದ್ದು ಇದೇ ಗೋಡೆಯ ಮೇಲೆ. ಗೋಡೆ ಹೋದರೆ ಮಾಡೂ ಹೋಗುತ್ತದೆ.

ಜಂಟಿ ಗೋಡೆಯ ದಪ್ಪ ಹಿಡಿಯಲು ಒಂದು ಕ್ರಮವಿದೆ. ಇಡೀ ಸಾಲಿನ ಹೊರಗಿನ ಉದ್ದ ಹಿಡಿಯಬೇಕು, ಪ್ರತಿ ಮನೆಯ ಒಳಗಿನ ಉದ್ದ ಬೇರೆ ಬೇರೆ ಹಿಡಿದು ಕಳೆಯಬೇಕು. ಉಳಿದದ್ದು ಗೋಡೆಗಳ ಲೆಕ್ಕ. ಹಾಗಾಗಿ ಸಾಲಿನಲ್ಲಿದ್ದ ಐದೂ ಮನೆಗಳ ಒಳಗೆ ಹೋಗಬೇಕಾಯಿತು. ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ಪಾಣೆಮಂಗಳೂರಿನವರು, ನನಗಿಂತ ಹತ್ತು ವರ್ಷ ಹಿರಿಯರು. ಅವರನ್ನು ನಾನು ‘ಅಣ್ಣ’ ಎಂದೇ ಕರೆಯುತ್ತಿದ್ದೆ. ಸರಿ ಕಂಡದ್ದನ್ನು ನುಂಗಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಮೊದಲ ಮನೆ ಚಿನ್ನದ ಕೆಲಸದ ಆಚಾರ್ರದ್ದು. ಮೂಸೆಯ ಬೂದಿ ಹಾರುತ್ತದೆ, ಟೇಪು ನೆಲಕ್ಕೆ ಎಳೆಯಬೇಡಿ ಎಂದು ಅವರು ಮೂರು ಸಲ ಹೇಳಿದರು. ಎರಡನೆಯದು ಜೈನರ ಪಾತ್ರೆ ಅಂಗಡಿ. ಅಲ್ಲಿ ಕೊಪ್ಪರಿಗೆಗಳನ್ನು ಸರಿಸಲು ಅರ್ಧ ದಿನ ಹಿಡಿಯಿತು. ಮೂರನೆಯದು ಎಲ್ಲರೂ ‘ಬಾಯಿ’ ಎಂದು ಕರೆಯುವ ಕ್ರಿಶ್ಚಿಯನ್ ಹೆಂಗಸೊಬ್ಬರ ಬೇಕರಿ. ಅದರ ಭಟ್ಟಿಯ ಗೋಡೆ ಮುಟ್ಟಿ ನನ್ನ ಕೈ ಸುಟ್ಟಿತು. ಬಾಯಿ ಬೆಣ್ಣೆ ಹಚ್ಚಿ, ಎರಡು ಬನ್ನು ಕೊಟ್ಟು, "ಮಾಮ್ ಹೋದ ಮೇಲೆ ಬೆಳಿಗ್ಗೆ ನನ್ನ ಹತ್ರ ಪೇಪರ್ ಓದಿ ಹೇಳುವವರೇ ಇಲ್ಲ," ಎಂದರು. ಮಾಮ್‌ರದ್ದು ನಾಲ್ಕನೆಯದು, ಉಮ್ಮನದ್ದು ಕೊನೆಯದು. ಒಳಗೆ ಹೋದರೆ ಮನೆಗೊಂದು ಮಾತು; ಎರಡು ಮನೆಗಳ ಕೊಂಕಣಿಯೇ ಒಂದರಂತೆ ಒಂದಿಲ್ಲ. ಬೀದಿಗೆ ಇಳಿದರೆ ಎಲ್ಲರದ್ದೂ ತುಳು. ಕಾಗದಕ್ಕೆ ಬಂದಾಗ ಮಾತ್ರ ಎಲ್ಲರೂ ಕನ್ನಡದಲ್ಲಿ ಮೈ ಬಿಗಿ ಮಾಡಿಕೊಂಡು ಕೂರುತ್ತಿದ್ದರು.

ನಡುಗೋಡೆಯ ದಪ್ಪ ಇಪ್ಪತ್ತೇಳು ಇಂಚು ಬಂತು. ಎರಡು ಸಾಲು ಕೆಂಪುಕಲ್ಲು, ನಡುವೆ ಮಣ್ಣು. ಇನ್ನು ಯಾರದ್ದು ಎಂದು ನೋಡಬೇಕು. ನಮ್ಮ ಹಳೆಯ ಕಟ್ಟುವ ಕ್ರಮದಲ್ಲಿ ಒಂದು ನಂಬಿಕೆ ಉಂಟು: ದೀಪ ಇಡುವ ಗೂಡನ್ನು ಯಾರೂ ಬೇರೆಯವರ ಗೋಡೆಯಲ್ಲಿ ಕೊರೆಯುವುದಿಲ್ಲ. ಮಾಮ್‌ರ ಕಡೆ ಮೂರು ಗೂಡು ಇದ್ದವು. ಉಮ್ಮನ ಕಡೆ ನುಣ್ಣಗೆ ಸಿಮೆಂಟು, ಒಂದೂ ಇಲ್ಲ. ಪಕ್ಕಾಸು ಕೂರಿಸಿದ್ದು ಒಪ್ಪಿಗೆಯ ಮೇಲೆ ಇರಬಹುದು ಎಂದುಕೊಂಡೆ.

ಆದರೂ ಉಮ್ಮನನ್ನು ಕೇಳಿದೆ, "ಈ ಗೋಡೆ ಯಾರದ್ದು ಉಮ್ಮ?"

"ಮಾಮ್ ಇದ್ದಾಗ ಯಾರೂ ಕೇಳ್ಲಿಲ್ಲ," ಎಂದರು. "ಅವರ ಮಗ ಬಂದಿದ್ದಾನಲ್ಲ, ಅವನ ಹತ್ರ ಕೇಳಿ."

ಅಣ್ಣ ಮೇಲಕ್ಕೆ ನೋಡಿ, "ಮಹಡಿ ನೋಡುವುದು ಬೇಡವಾ?" ಎಂದರು. ಮೇಲೆ ಬೀಡಿ ಕಟ್ಟುತ್ತಿದ್ದ ಹೆಣ್ಣುಮಕ್ಕಳ ಮಾತು ಕೇಳುತ್ತಿತ್ತು. ಮುಸ್ಲಿಮರ ಮನೆಯ ಮಹಡಿಗೆ ಗಂಡಸರು ಟೇಪು ಹಿಡಿದು ಹತ್ತುವುದು ಎಂಥದು ಎಂದು ನಾನೇ ಬೇಡವೆಂದೆ. ಉಮ್ಮನೂ ಹತ್ತಿ ಎನ್ನಲಿಲ್ಲ. ಈಚೆ ಮನೆಗೆ ಬಂದು ಮಹಡಿ ಮೆಟ್ಟಿಲಿಗೆ ಕಾಲಿಟ್ಟರೆ, ರಜೆಯಲ್ಲಿ ಬಂದಿದ್ದ ಮಾಮ್‌ರ ಮಗ, "ಮೇಲೆ ದೇವರ ಕೋಣೆ. ಮೀಯದೆ ಹೋಗ್ಲಿಕ್ಕಿಲ್ಲ," ಎಂದರು. ಅಲ್ಲಿಗೆ ಅದೂ ಸರಿಯೆನಿಸಿತು. ನಕ್ಷೆಗೆ ನೆಲದ ಅಳತೆ ಸಾಕು. ಎರಡೂ ಮನೆಯಲ್ಲಿ ಮರ್ಯಾದೆ ಕೊಟ್ಟೆ ಎಂದು ಖುಷಿಯಲ್ಲೇ ಹೊರಗೆ ಬಂದೆ.

ಗೋಡೆ ಪೂರ್ತಿ ಮಾಮ್‌ರ ಮನೆಗೆ ಸೇರಿದ್ದು ಎಂದು ಬರೆದು ಸಹಿ ಹಾಕಿದೆ. ಮಗ ನೋಡಿ ತಲೆಯಾಡಿಸಿದರು. ಕೆಲಸ ಮುಗಿಯುವವರೆಗೆ ಇರಲಿ ಎಂದು ಮನೆಯ ಕೀ ನನ್ನ ಕೈಗೆ ಕೊಟ್ಟು ಊರಿಗೆ ಹೋದರು.

ಮಳೆ ಹಿಡಿದು ಕೆಲವು ವಾರಗಳಾಗಿದ್ದವು. ಕಂಟ್ರಾಕ್ಟರ್ ಲೆಕ್ಕ ಹಾಕಬೇಕು, ಎಲ್ಲಿವರೆಗೆ ಕೆಡವುವುದು ಎಂದು ಕೆಂಪು ಪೇಂಟಿನಲ್ಲಿ ಗುರುತು ಹಾಕಿ ಕೊಡಿ ಎಂದು ಕೊಳ್ಳುವವರು ಹೇಳಿ ಕಳಿಸಿದರು. ಅಣ್ಣನೂ ನಾನೂ ಹೋದೆವು. ಆ ದಿನ ಮಳೆ ಅಷ್ಟಿರಲಿಲ್ಲ, ಆದರೆ ಘಟ್ಟದ ಬುಡದಲ್ಲಿ ಎರಡು ದಿನದಿಂದ ಹೊಯ್ಯುತ್ತಿತ್ತು. ಪೇಟೆಯಲ್ಲಿ ಅಂಗಡಿಗಳ ಮೂಟೆಗಳು ಅಟ್ಟಕ್ಕೇರುತ್ತಿದ್ದವು. ನನಗದರ ಅರ್ಥವಾಗಲಿಲ್ಲ, ನಾನು ಗುಡ್ಡೆಯವನು.

ಉಮ್ಮನ ಜಗಲಿಯಲ್ಲಿ ಗೋಡೆಯ ಅಂಚಿಗೆ ಕೆಂಪು ಗೆರೆ ಎಳೆದೆ.

"ಇದೆಂಥದು ಸರ್ವೆಯವರೇ?"

"ಇಲ್ಲಿವರೆಗೆ ಕೆಡವ್ತಾರೆ ಉಮ್ಮ. ಗೋಡೆ ಅವರದ್ದು ಅಂತ ಆಯ್ತು."

ಉಮ್ಮ ಗೆರೆ ನೋಡಿದರು, ತಲೆಯೆತ್ತಿ ಪಕ್ಕಾಸುಗಳನ್ನು ನೋಡಿದರು. "ನನ್ನ ಮಾಡು?" ಎಂದು ಕೇಳಿದರು. ನಿಮಗೆ ಬೇರೆ ಕಂಬ ಕೊಡುವ ಎಂದೇನೋ ಗೊಣಗಿದೆ. ಅವರು ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಸುಮ್ಮನೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಪೇಂಟಿನ ಡಬ್ಬ ಮುಚ್ಚುವಷ್ಟರಲ್ಲಿ ಬೀದಿಗೆ ನೀರು ಬಂದಿತ್ತು. ಮೊದಲು ಚರಂಡಿಯಿಂದ ಮೇಲೆ ಬಂತು, ಆಮೇಲೆ ನದಿಯ ಕಡೆಯ ಓಣಿಗಳಿಂದ. ಅರ್ಧ ಗಂಟೆಯಲ್ಲಿ ಜಗಲಿಯ ಎರಡನೇ ಮೆಟ್ಟಿಲು ಮುಳುಗಿತು. ಉಮ್ಮ ಹೊರಗೆ ಬಂದು ಮೆಟ್ಟಿಲು ನೋಡಿ, "ಮೇಲೆ ಹತ್ತಿ," ಎಂದರು.

ಆಗಲೂ ನನ್ನ ಬಾಯಲ್ಲಿ ಬಂದದ್ದು ಇದೇ: "ಮೇಲೆ ಹೆಣ್ಣುಮಕ್ಕಳಿದ್ದಾರಲ್ಲ ಉಮ್ಮ."

"ನೀರಿಗೆ ಗೊತ್ತುಂಟಾ ಅದು? ಹತ್ತಿ."

ಮಹಡಿಯಲ್ಲಿ ಮೊಮ್ಮಗಳು ಇಪ್ಪತ್ತು ದಿನದ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನೆರೆಮನೆಯ ಇಬ್ಬರು ಹೆಂಗಸರು ಬೀಡಿಯ ಮೊರಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಉಮ್ಮ ಸೀದಾ ನಡುಗೋಡೆಯ ಹತ್ತಿರ ಹೋಗಿ ಬೀಡಿ ಎಲೆಯ ಗೋಣಿಗಳನ್ನು ಎಳೆದು ಹಾಕತೊಡಗಿದರು. ನಾವೂ ಕೈ ಹಾಕಿದೆವು. ಗೋಣಿಗಳ ಹಿಂದೆ ಹಲಸಿನ ಮರದ ಒಂದು ಗಿಡ್ಡ ಬಾಗಿಲು ಇತ್ತು.

ನಾನು ಸಹಿ ಹಾಕಿದ ಗೋಡೆಯಲ್ಲಿ ಬಾಗಿಲು.

ಉಮ್ಮ ಚಿಲಕ ಸರಿಸಿ ನೂಕಿದರು. ತೆರೆಯಲಿಲ್ಲ. ಅಂಗೈಯಲ್ಲಿ ಎರಡು ಸಲ ಬಡಿದು, "ಮಾಮೀ," ಎಂದು ಕೂಗಿದರು. ಮಾಮ್‌ರ ಹೆಂಡತಿಯನ್ನು. ಕೂಗಿದ ಮೇಲೆ ಅವರಿಗೇ ನೆನಪಾಯಿತು. "ಆಚೆ ಕಡೆಯೂ ಚಿಲಕ ಉಂಟು. ಆಚೆ ಯಾರಿಲ್ಲ ಅಲ್ವಾ," ಎಂದು ನೆಲದಲ್ಲಿ ಕೂತರು.

ಅವರ ಮಹಡಿಯಿಂದ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಮಾಮ್‌ರ ಮನೆ ಹಿಂದಕ್ಕೆ ಉದ್ದ. ಅದರ ಮಹಡಿಯ ಹಿಂಬಾಗಿಲು ಎತ್ತರದ ಮೇಲಿನ ಓಣಿಗೆ ತೆರೆಯುತ್ತದೆ. ನೀರು ಎರಡನೇ ಮೆಟ್ಟಿಲಿಗೆ ಬಂದರೆ ಉಮ್ಮನ ಮನೆಯವರು ಈ ಬಾಗಿಲಿನಿಂದ ಆಚೆ ದಾಟಿ ಓಣಿಗೆ ಹೋಗುವುದು, ಉಮ್ಮ ಮದುವೆಯಾಗಿ ಬಂದಾಗಿನಿಂದಲೂ ನಡೆದು ಬಂದ ಕ್ರಮ. ನಡುವೆ ಮಣ್ಣು ತುಂಬಿದ ಗೋಡೆ ನೆನೆದರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ.

ಕೀ ನನ್ನ ಚೀಲದಲ್ಲಿತ್ತು.

ಅಣ್ಣ ಬೇಡವೆಂದರೂ ಕೆಳಗಿಳಿದೆ. ಸೊಂಟದವರೆಗೆ ಕೆಸರು ನೀರು. ಗೋಡೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದದ್ದು ನನಗೆ ಒಂದು ಫರ್ಲಾಂಗಿನಂತೆ ಅನಿಸಿತು. ಅಂಗಡಿ ಬಾಗಿಲಿನ ಬುಡದ ಬೀಗ ನೀರಿನೊಳಗೆ, ಕೈಯಲ್ಲೇ ತಡಕಾಡಿ ತೆಗೆದೆ. ಮಹಡಿ ಹತ್ತಿ ದೇವರ ಕೋಣೆಗೆ ನುಗ್ಗಿದಾಗ ಮೈತುಂಬ ಚರಂಡಿಯ ನೀರು. ಗೋಡೆಯ ಪಟಗಳನ್ನು ನೋಡಿ ಕೈಮುಗಿದೆ. ಪರದೆ ಸರಿಸಿದರೆ ಅದೇ ಬಾಗಿಲು, ಈ ಕಡೆಯಿಂದ ಕುಂಕುಮ ಹಚ್ಚಿದ್ದು. ಚಿಲಕ ತುಕ್ಕು ಹಿಡಿದಿತ್ತು. ಪಕ್ಕದಲ್ಲಿದ್ದ ಗಂಧದ ಕಲ್ಲಿನಿಂದ ಕುಟ್ಟಿ ಎಳೆದೆ.

ಬಾಗಿಲು ತೆರೆದಾಗ ಎದುರಿಗೆ ಉಮ್ಮ. ಮಗುವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಬಾಣಂತಿ, ಹೆಂಗಸರು, ಅಣ್ಣ, ಕೊನೆಗೆ ಉಮ್ಮ ದಾಟಿದರು. ಎಲ್ಲರೂ ಓಣಿಗೆ ಹೊರಟಾಗ ನಾನು ಹಿಂದೆ ನಿಂತು ಟೇಪು ಬಿಚ್ಚಿದೆ. ಅಣ್ಣ ಹಣೆ ಚಚ್ಚಿಕೊಂಡು, "ನಿಮಗೆ ಮರ್ಲು ಮಾರಾಯ್ರೆ," ಎನ್ನುತ್ತಾ ಬಂದು ಇನ್ನೊಂದು ತುದಿ ಹಿಡಿದರು. ಬಾಗಿಲಿನ ಚೌಕಟ್ಟು ಮೂರು ಇಂಚು. ಮಾಮ್‌ರ ಕಡೆ ಹನ್ನೆರಡು ಇಂಚು ಗೋಡೆ, ಉಮ್ಮನ ಕಡೆ ಹನ್ನೆರಡು. ಕಟ್ಟಿದವರು ಗೋಡೆಯ ಸರೀ ಮಧ್ಯಕ್ಕೆ ಇಟ್ಟಿದ್ದರು.

ಓಣಿಯಲ್ಲಿ ಬೇಕರಿಯ ಬಾಯಿಯ ಸಂಬಂಧಿಕರ ಮನೆಯಲ್ಲಿ ಎಲ್ಲರಿಗೂ ಚಾ ಆಯಿತು. ಅಲ್ಲಿ ಉಮ್ಮ ಹೇಳಿದರು. ಹಿಂದೊಮ್ಮೆ ಈ ಓಣಿಯೂ ಮುಳುಗುವಷ್ಟು ದೊಡ್ಡ ನೆರೆ ಬಂದಿತ್ತು. ಆಗ ಮಾಮ್‌ರ ಸಂಸಾರವೇ ದೇವರ ಪೆಟ್ಟಿಗೆ ಹೊತ್ತುಕೊಂಡು ಆ ಬಾಗಿಲಿನಿಂದ ಉಮ್ಮನ ಮಹಡಿಗೆ ಬಂತು, ಏಕೆಂದರೆ ನೀರು ಇನ್ನೂ ಏರಿದರೆ ಹೊರಡಲು ಉಮ್ಮನ ಮಾವನ ದೋಣಿ ಕಟ್ಟಿದ್ದು ಅಲ್ಲಿಯ ಕಿಟಕಿಗೆ.

"ನೀರು ಇಳಿಯುವವರೆಗೆ ಮೂರು ದಿನ ನಮ್ಮಲ್ಲಿದ್ರು. ನಾವು ಮೀನು ಬೇಯಿಸ್ಲಿಲ್ಲ. ಅವರೂ ಮೀನು ತಿನ್ನುವವರೇ. ಆದ್ರೆ ದೇವರ ಪೆಟ್ಟಿಗೆ ಉಂಟಲ್ಲ ಮನೆಯಲ್ಲಿ."

"ಬೇಸಗೆಯಲ್ಲಿ ನಾನು ಕೇಳಿದಾಗ ಇದನ್ನು ಹೇಳ್ಬಹುದಿತ್ತಲ್ಲ ಉಮ್ಮ?"

"ಮಾಮ್ ಸತ್ತ ಮೇಲೆ ಗೋಡೆಯಲ್ಲಿ ನನಗೆ ಪಾಲುಂಟು ಅಂತ ಹೇಳುವುದಾ? ನಾಚಿಕೆ ಆಗುವುದಿಲ್ವಾ?"

ನೀರು ಇಳಿದ ಮೇಲೆ ಉಮ್ಮನ ಕಡೆಯ ಗೋಡೆಯನ್ನು ಅಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಮೂರು ಕಡೆ ಟೊಳ್ಳು ಸದ್ದು. ಸಿಮೆಂಟು ಕೆತ್ತಿದರೆ ಒಳಗೆ ಮೂರು ಗೂಡು. ಆ ದೊಡ್ಡ ನೆರೆಯ ಕೆಸರು ತುಂಬಿದ್ದನ್ನು ಹಾಗೆಯೇ ಮುಚ್ಚಿ ಗಾರೆ ಹಾಕಿದ್ದರು. ಆಚೆಯ ಮೂರು ಗೂಡಿಗೆ ಸರಿಯಾಗಿ ಈಚೆಯ ಮೂರು. ಇನ್ನು ನೆಪ ಹೇಳಲು ಏನೂ ಉಳಿದಿರಲಿಲ್ಲ.

ಆ ವಾರ ನನಗೆ ಊಟ ಸೇರಲಿಲ್ಲ. ಸ್ಕೆಚ್ ವಾಪಸು ತೆಗೆದುಕೊಂಡರೆ ಕೊಳ್ಳುವವರ ಕಟ್ಟಡ ನಿಲ್ಲುತ್ತದೆ, ನನ್ನ ಹೆಸರೂ ಕೆಡುತ್ತದೆ. ಪೇಟೆಯವರು ಇನ್ನೊಮ್ಮೆ ಯಾಕೆ ಕರೆಯುತ್ತಾರೆ? ಸುಮ್ಮನಿದ್ದರೆ ನನ್ನ ಸಹಿಯ ಬಲದಲ್ಲಿ ಉಮ್ಮನ ಮಾಡು ಇಳಿಯುತ್ತದೆ. ಅಣ್ಣನನ್ನು ಕೇಳಿದೆ. "ನಾನು ಬೇಸಗೆಯಲ್ಲೇ ಮೇಲೆ ನೋಡುವ ಅಂದಿದ್ದೆ," ಎಂದು ಮಾತ್ರ ಹೇಳಿದರು. ಸಿಟ್ಟು ಬಂತು. ಮರುದಿನ ಹೊಸ ಸ್ಕೆಚ್ ಬರೆದೆ. ನೆಲದ ನಕ್ಷೆಯಲ್ಲಿ ಮಹಡಿಯ ಬಾಗಿಲಿಗೆ ಗುರುತು ಇಲ್ಲ. ಹಾಗಾಗಿ ಕೆಳಗೆ ಅಕ್ಷರದಲ್ಲಿ ಬರೆದೆ: ‘ಪೂರ್ವದ ಗೋಡೆ ಜಂಟಿ. ಮಹಡಿಯಲ್ಲಿ ಬಾಗಿಲು ಇದೆ. ಚಿಲಕ ಎರಡೂ ಕಡೆ.’ ಅದರ ಕೆಳಗೆ, ಮೊದಲಿನ ಅಳತೆ ನನ್ನ ತಪ್ಪು ಎಂದೂ ಬರೆದು ಸಹಿ ಹಾಕಿದೆ.

ಕೊಳ್ಳುವವರಿಗೆ ಅಂಗಡಿಯಲ್ಲಿ ಕೂತು ಹೇಳಲು ನನಗೆ ಧೈರ್ಯ ಬರಲಿಲ್ಲ. ಮಾಮ್‌ರ ಮಗನಿಗೆ ಫೋನು ಮಾಡಿ ಕರೆಸಿ, ಎಲ್ಲರನ್ನೂ ಆ ಮಹಡಿಯಲ್ಲೇ ಸೇರಿಸಿದೆ. ಬಾಗಿಲು ತೆರೆದೇ ಇತ್ತು. ಕೊಳ್ಳುವವರು ಸ್ಕೆಚ್ ಓದಿ ಕಾಗದವನ್ನು ನೆಲಕ್ಕೆ ಹಾಕಿದರು.

"ಈಗ ಹೇಳ್ತೀರಾ ಸಾರ್? ಒಂದು ಸಾಲು ಪಿಲ್ಲರ್ ಪೂರ್ತಿ ಒಳಗೆ ತೆಗೀಬೇಕು. ನಿಮ್ಮ ಅಳತೆ ನಂಬಿ ಪ್ಲಾನ್ ಮಾಡಿಸಿದ್ದು ನಾನು."

"ತಪ್ಪು ನನ್ನದು," ಎಂದೆ.

ಮಾಮ್‌ರ ಮಗ ಬಾಗಿಲಿನ ಚೌಕಟ್ಟನ್ನು ಸವರುತ್ತಾ ನಿಂತಿದ್ದರು. "ತಪ್ಪು ಇವರೊಬ್ಬರದ್ದೇ ಅಲ್ಲ," ಎಂದರು. "ಬಾಗಿಲು ಉಂಟು ಅಂತ ನನಗೆ ಗೊತ್ತಿತ್ತು. ಅಮ್ಮನ ಸೊಂಟದಲ್ಲಿ ಕೂತು ಇದರಲ್ಲಿ ದಾಟಿದವನು ನಾನು. ಇವರು ಮೇಲೆ ಹೋಗ್ತೇನೆ ಅಂದಾಗ ಮೀಯದೆ ಹೋಗ್ಬಾರದು ಅಂತ ಹೇಳಿದೆ. ಗೋಡೆ ಪೂರ್ತಿ ಬಂದ್ರೆ ಮಾರ್ಲಿಕ್ಕೆ ಸುಲಭ ಅಂತ." ಉಮ್ಮನ ಕಡೆ ಅವರು ನೋಡಲಿಲ್ಲ.

ಆಮೇಲೆ ಕೊಳ್ಳುವವರು ಕಾಗದ ಹೆಕ್ಕಿಕೊಂಡರು. "ಗೋಡೆ ಬಿಡ್ತೇನೆ. ಉಮ್ಮನ ಮಾಡು ತೆಗೆದು ಅಂಗಡಿ ಕಟ್ಟುವಷ್ಟು ಕೆಟ್ಟವನಲ್ಲ ನಾನು. ಆದ್ರೆ ಬಾಗಿಲು ಆಗ್ಲಿಕ್ಕಿಲ್ಲ. ಮೇಲೆ ಸ್ಟಾಕ್ ಇಡುವ ಜಾಗ. ನನ್ನ ಅಂಗಡಿಯೊಳಗೆ ಬೇರೆಯವರ ದಾರಿ ಹೇಗೆ ಇಡುವುದು ಹೇಳಿ?"

ಆ ಮಾತಿನಲ್ಲೂ ನ್ಯಾಯವಿತ್ತು. ನಾನು ಉಮ್ಮನ ಮುಖ ನೋಡಿದೆ.

"ಮುಚ್ಚು ಮೋನೆ," ಎಂದರು ಉಮ್ಮ. ಅವರ ಭಾಷೆಯಲ್ಲಿ ಮಗನನ್ನು ಕರೆಯುವುದು ಹಾಗೆ. "ನಿನ್ನ ಕಡೆಯ ಚಿಲಕ ನಿನ್ನದು. ಬೇಕಾದ್ರೆ ಹಾಕು. ನನ್ನ ಕಡೆಯದ್ದನ್ನು ನಾನು ಇನ್ನು ಹಾಕುವುದಿಲ್ಲ. ನಾಳೆ ನಿನ್ನ ಅಂಗಡಿಗೆ ನೀರು ಬಂದ್ರೆ ನಿನ್ನ ಜನ ಬಡೀಬೇಕಾಗಿಲ್ಲ, ನೂಕಿದ್ರೆ ಸಾಕು."

ಮೂವರೂ ಸ್ಕೆಚ್ಚಿಗೆ ಸಹಿ ಹಾಕಿದರು. ಉಮ್ಮ ಬೀಡಿಯ ಪಾಸ್‌ಬುಕ್ಕಿಗೆ ಹಾಕುವ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಹಾಕಿದರು. ಬಾಗಿಲಿನ ಮಾತು ಅಲ್ಲಿಗೇ ನಿಂತಿತು. ನಾನು ಸಂಬಳ ಬೇಡವೆಂದು ಹೇಳಿ ಮೆಟ್ಟಿಲಿಳಿದೆ.

ಅಂದುಕೊಂಡ ಹಾಗೆ ಪೇಟೆಯಿಂದ ನನಗೆ ಮತ್ತೆ ಕರೆ ಬರಲಿಲ್ಲ. ಉಜಿರೆ, ಬೆಳ್ತಂಗಡಿ ಎಂದು ಪುನಃ ಗುಡ್ಡೆಗಳ ಕೆಲಸದಲ್ಲಿ ಬಿದ್ದೆ. ನಾಲ್ಕೈದು ವರ್ಷ ಕಳೆದಿರಬೇಕು. ಮಗಳಿಗೆ ಶಾಲೆಯ ಯೂನಿಫಾರ್ಮ್ ಬೇಕಿತ್ತು. ಬಂಟ್ವಾಳದ ಆ ಜವಳಿ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ಹೋಗುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ ಹೋದೆ. ಕಟ್ಟಡ ಚೆನ್ನಾಗಿ ಎದ್ದಿತ್ತು. ಪಕ್ಕದಲ್ಲಿ ಉಮ್ಮನ ಹಂಚಿನ ಮಾಡು ಹಾಗೆಯೇ ಇತ್ತು. ಧಣಿ ಅಂಗಡಿಯಲ್ಲಿರಲಿಲ್ಲ. ಯೂನಿಫಾರ್ಮ್ ಮೊದಲ ಮಹಡಿಯಲ್ಲಿ ಎಂದು ಕೆಲಸದಾಕೆ ಕರೆದುಕೊಂಡು ಹೋದಳು.

ಅಂಗಿಗಳನ್ನು ತೂಗು ಹಾಕಿದ ಸಾಲಿನ ಹಿಂದೆ ಗೋಡೆ. ನಾನು ಅಂಗಿಗಳನ್ನು ಸರಿಸಿದೆ. ಅದೇ ಹಲಸಿನ ಬಾಗಿಲು, ಗೋಡೆಯ ಬಣ್ಣವನ್ನೇ ಬಳಿದಿದ್ದರು. ಆಚೆಯಿಂದ ಹೆಂಗಸರ ಮಾತು ಸಣ್ಣಗೆ ಕೇಳುತ್ತಿತ್ತು. ಈಚೆಯ ಚಿಲಕ ತೆರೆದ ಸ್ಥಿತಿಯಲ್ಲಿತ್ತು. ಮರೆತು ಬಿಟ್ಟದ್ದೇನೋ ಎಂದು ಬೆರಳು ಹಾಕಿ ಎಳೆದೆ. ಕದಲಲಿಲ್ಲ. ಎರಡು ಮೂರು ಪದರ ಪೇಂಟು ಕುಡಿದು ಕಲ್ಲಾಗಿತ್ತು.

"ಅದನ್ನು ಹಾಕ್ಲಿಕ್ಕೆ ಆಗುವುದಿಲ್ಲ ಸಾರ್," ಎಂದಳು ಕೆಲಸದಾಕೆ. "ಪೇಂಟ್ ಮಾಡುವಾಗ ಧಣಿ ಎದುರು ನಿಂತು ಹಾಗೇ ಮಾಡಿಸಿದ್ದು."